ಕಕ್ಷಿದಾರರ ಟ್ರಂಕಿನಲ್ಲಿ ಸಿಕ್ಕ ಕಾಗದ: ವಕೀಲರು ಏನು ಮಾಡಬೇಕು?

ಕರಿಕೋಟು, ಮಡಿಕೇರಿ

ಎಲ್ಲರಿಗೂ ನಮಸ್ಕಾರ. ನಾನು ವಕೀಲೆ. ಮೂರು ವರ್ಷ ಹಿರಿಯರೊಬ್ಬರ ಆಫೀಸಿನಲ್ಲಿ ಜೂನಿಯರ್ ಆಗಿದ್ದೆ. ಹೋದ ವರ್ಷ ಸ್ವಂತ ಆಫೀಸು ಮಾಡಿದೆ. ಒಂದು ವಿಷಯ ನಾಲ್ಕು ದಿನದಿಂದ ನಿದ್ದೆ ಕೆಡಿಸಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಕ್ಷಿದಾರರೊಬ್ಬರು ಬಂದರು. ಅರವತ್ತರ ಹತ್ತಿರದ ವಯಸ್ಸು. ಅವರ ಅಪ್ಪ ದುಡಿದು ಕೊಂಡ ಒಂಬತ್ತು ಎಕರೆ ರೋಬಸ್ಟಾ ತೋಟ ಇದೆ. ಅಪ್ಪ, ಅಮ್ಮ ಇಬ್ಬರೂ ತೀರಿಕೊಂಡಿದ್ದಾರೆ. ವಿಲ್ ಇಲ್ಲ. ಈಗ ತಂಗಿ ಪಾಲಿಗೆ ದಾವೆ ಹಾಕಿದ್ದಾರೆ. ಇವರು ಹೇಳುವುದು ಇಷ್ಟು: ತಂಗಿಗೆ ಮದುವೆಯಲ್ಲೇ ಚಿನ್ನ, ದುಡ್ಡು ಎಲ್ಲ ಕೊಟ್ಟಾಗಿದೆ. ತೋಟಕ್ಕೆ ಅವಳು ಒಂದು ಪೈಸೆ ಹಾಕಿಲ್ಲ. ಅವಳಿಗೆ ಏನೂ ಬರಬೇಕಾಗಿಲ್ಲ.

ಮನೆಯಲ್ಲಿರುವ ಕಾಗದ ಪತ್ರ ಎಲ್ಲ ತನ್ನಿ ಅಂದೆ. ಹಳೇ ತಗಡಿನ ಟ್ರಂಕನ್ನೇ ಜೀಪಿನಲ್ಲಿ ತಂದರು. ಕಂದಾಯದ ರಸೀದಿ, ಕಾಫಿ ಮಾರಿದ ಚೀಟಿ, ಬ್ಯಾಂಕಿನ ಪಾಸ್ ಪುಸ್ತಕ. ತಳದಲ್ಲಿ ಒಂದು ನೀಲಿ ಇನ್‌ಲ್ಯಾಂಡ್ ಪತ್ರ. ವಿಳಾಸ ಬರೆದು ಅಂಟಿಸಿದ್ದಾರೆ, ಆದರೆ ಪೋಸ್ಟಿಗೆ ಹಾಕಿಲ್ಲ. ಒಂದು ಅಂಚನ್ನು ಯಾರೋ ಆಮೇಲೆ ಬ್ಲೇಡಿನಿಂದ ಬಿಡಿಸಿದ್ದಾರೆ. ಎಷ್ಟೋ ಮಳೆಗಾಲದ ಥಂಡಿಗೆ ಶಾಯಿ ಹರಡಿದೆ. ಆದರೂ ಓದಬಹುದು. ಅಪ್ಪ ಮಗಳಿಗೆ ಬರೆದದ್ದು. 'ನೀನು ಕಳಿಸಿದ ದುಡ್ಡಿನಿಂದ ಬ್ಯಾಂಕ್ ಸಾಲ ತೀರಿತು. ಹೊಳೆ ಬದಿಯ ತೋಟ ನಿನಗೇ ಅಂತ ಮನಸ್ಸು ಮಾಡಿದ್ದೇನೆ. ಅಣ್ಣನಿಗೂ ಹೇಳಿದ್ದೇನೆ.'

ನಾನು ಓದುತ್ತಿರುವಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. 'ಇದನ್ನು ಒಲೆಗೆ ಹಾಕಲಾ ಮೇಡಂ? ಕೇಳೋಣ ಅಂತಲೇ ತಂದೆ' ಅಂದರು.

ಹೋಗುವ ಮುಂಚೆ ಫೀಸಿನ ಮಾತು ಬಂತು. ಇಪ್ಪತ್ತು ಸಾವಿರ ಮುಂಗಡ ಕೊಟ್ಟಿದ್ದಾರೆ. ಉಳಿದದ್ದಕ್ಕೆ, 'ಈಗ ಕೈಯಲ್ಲಿ ಇಲ್ಲ. ಗೆದ್ದರೆ ಅರ್ಧ ಎಕರೆ ನಿಮ್ಮ ಹೆಸರಿಗೆ' ಅಂದರು. ಆಫೀಸಿನ ಬಾಡಿಗೆಗೇ ಒದ್ದಾಡುವವಳಿಗೆ ಅರ್ಧ ಎಕರೆ ತೋಟ ಅಂದರೆ ಏನು ಅಂತ ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಮನ್ಸ್ ಬಂದ 30 ದಿನದಲ್ಲಿ ತಕರಾರು, ಅಂದರೆ ದಾವೆಗೆ ಲಿಖಿತ ಉತ್ತರ, ಹಾಕಬೇಕು. ಕೋರ್ಟು ಅವಕಾಶ ಕೊಟ್ಟರೂ 90 ದಿನ. ಅದರಲ್ಲಿ 'ತಂಗಿ ಒಂದು ಪೈಸೆ ಹಾಕಿಲ್ಲ' ಅಂತ ನಾನೇ ಬರೆಯಬೇಕು. ಬರೆಯಲಾ?

ಹಳೇ ಶಿರಸ್ತೇದಾರ

ಅಮ್ಮಾ, ಮೊದಲನೇ ಮಾತು. ಸುಡಲು ಹೇಳಬೇಡಿ. 'ನಿಮ್ಮಿಷ್ಟ' ಅಂತಲೂ ಹೇಳಬೇಡಿ. ಕೋರ್ಟು ಕೇಳಬಹುದಾದ ಕಾಗದವನ್ನು ಬೇಕಂತಲೇ ನಾಶ ಮಾಡುವುದು ಅಪರಾಧ. ಸಲಹೆ ಕೊಟ್ಟವರನ್ನೂ ಅದು ಬಿಡುವುದಿಲ್ಲ. ಉಳಿದದ್ದನ್ನು ಆಮೇಲೆ ಬರೆಯುತ್ತೇನೆ, ಈಗ ಕಣ್ಣು ನೋಯುತ್ತಿದೆ.

ವಿರಾಜಪೇಟೆ ವಕೀಲ

ನೋಡಮ್ಮಾ, ನಾನು ಈ ಕೆಲಸಕ್ಕೆ ಬಂದು 34 ವರ್ಷ. ಮೊದಲು ಒಂದು ಗದರಿಕೆ. ಕಕ್ಷಿದಾರರು ಹೇಳಿದ್ದನ್ನು ಹೀಗೆ ಹೊರಗೆ ಬರೆಯಬಾರದು. ಕೊಡಗು ಚಿಕ್ಕದು. ಮೂರು ವಿವರ ಸಿಕ್ಕಿದರೆ ಯಾರ ಮನೆ ಅಂತ ಗೋಣಿಕೊಪ್ಪ ಸಂತೆಯಲ್ಲಿ ಗೊತ್ತಾಗಿಬಿಡುತ್ತದೆ.

ಈಗ ಕಾನೂನು. ಅಪ್ಪ ಸ್ವಂತ ದುಡಿಮೆಯಲ್ಲಿ ಕೊಂಡ ಆಸ್ತಿ, ವಿಲ್ ಇಲ್ಲ, ಹೆಂಡತಿಯೂ ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಮಗ, ಮಗಳು ಇಬ್ಬರಿಗೂ ಸಮಪಾಲು. ಹೆಣ್ಣುಮಕ್ಕಳ ಹಕ್ಕು ಅಂದ ಕೂಡಲೇ ಜನ 2005ರ ತಿದ್ದುಪಡಿ, ಸುಪ್ರೀಂ ಕೋರ್ಟಿನ 2020ರ ತೀರ್ಪು ಅಂತ ಶುರು ಮಾಡುತ್ತಾರೆ. ಅದು ಪಿತ್ರಾರ್ಜಿತದ ಮಾತು. ಇಲ್ಲಿ ಅಲ್ಲಿಯವರೆಗೆ ಹೋಗಬೇಕಾಗಿಯೇ ಇಲ್ಲ. ಇಡೀ ಒಕ್ಕಕ್ಕೆ, ಅಂದರೆ ಕುಲಕ್ಕೆ, ತಲೆಮಾರಿನಿಂದ ಬಂದ ಜಮ್ಮಾ ಜಾಗ ಆಗಿದ್ದರೆ ಕಥೆ ಬೇರೆ. ಪಹಣಿಯಲ್ಲಿ ಒಕ್ಕದ ಹಿರಿಯನಾಗಿದ್ದ ಮುತ್ತಜ್ಜ ಪಟ್ಟೆದಾರನ ಹೆಸರು, ಒಕ್ಕದವರನ್ನೆಲ್ಲ ಪಾರ್ಟಿ ಮಾಡಬೇಕು, ಅದು ಒಂದು ತಲೆಮಾರಿನ ಕೆಲಸ. ಇದು ಸರಳ. ಅರ್ಧ ಅರ್ಧ.

'ಮದುವೆಯಲ್ಲಿ ಚಿನ್ನ ಕೊಟ್ಟಿದ್ದೇವೆ' ಅಂದ ಮಾತ್ರಕ್ಕೆ ಪಾಲು ಹೋಗುವುದಿಲ್ಲ. ತಂಗಿ ಹಕ್ಕು ಬಿಟ್ಟುಕೊಟ್ಟಿದ್ದರೆ ರಿಜಿಸ್ಟರ್ ಆದ ಬಿಡುಗಡೆ ಪತ್ರ ಇರಬೇಕು. ಇದೆಯಾ? ಇಲ್ಲ ಅಂತ ಕಾಣುತ್ತದೆ. ಇನ್ನು ಆ ಪತ್ರ. ಅದು ವಿಲ್ ಅಲ್ಲ, ಇಬ್ಬರು ಸಾಕ್ಷಿಗಳ ಸಹಿ ಇಲ್ಲ. ಹೊಳೆ ಬದಿಯ ತೋಟವನ್ನು ಅದೊಂದೇ ತಂಗಿಗೆ ಕೊಡಿಸುವುದಿಲ್ಲ. ಅಂದರೆ ನಿಮ್ಮ ಕಕ್ಷಿದಾರರು ಹೆದರಬೇಕಾದದ್ದಕ್ಕೆ ಹೆದರುತ್ತಿಲ್ಲ. ಪತ್ರ ಇದ್ದರೂ ಅರ್ಧ ಪಾಲು ಹೋಗುತ್ತದೆ, ಸುಟ್ಟರೂ ಹೋಗುತ್ತದೆ.

ಪತ್ರ ಒಂದೇ ಒಂದನ್ನು ಬದಲಿಸಿದೆ. ಅದನ್ನು ಓದುವ ಮುಂಚೆ 'ಒಂದು ಪೈಸೆ ಹಾಕಿಲ್ಲ' ಅಂತ ನೀವು ಬರೆದಿದ್ದರೆ ಅದು ಕಕ್ಷಿದಾರರ ಮಾತು. ಈಗ ಬರೆದರೆ ಗೊತ್ತಿದ್ದೂ ಬರೆದ ಸುಳ್ಳು. ಕಕ್ಷಿದಾರರು ಅದಕ್ಕೆ ಅಫಿಡವಿಟ್ ಕೊಡಬೇಕು, ನೀವು ಕೆಳಗೆ ಸಹಿ ಹಾಕಬೇಕು. ಬರೆಯಬೇಡಿ.

ಅರ್ಧ ಎಕರೆಯ ವಿಷಯ ಎರಡೇ ಸಾಲು. ಗೆಲುವಿನ ಮೇಲೆ ಫೀಸು ಕಟ್ಟುವುದು, ದಾವೆಯ ಆಸ್ತಿಯಲ್ಲೇ ಪಾಲು ಕೇಳುವುದು, ಎರಡನ್ನೂ ಬಾರ್ ಕೌನ್ಸಿಲ್ ಆಫ್ ಇಂಡಿಯಾ ನಿಯಮಗಳ 20ನೇ ನಿಯಮ ತಡೆಯುತ್ತದೆ. ಕೊಟ್ಟರೂ ತೆಗೆದುಕೊಳ್ಳುವ ಹಾಗಿಲ್ಲ.

ಕರಿಕೋಟು, ಮಡಿಕೇರಿ

ಸರ್, ಗದರಿದ್ದು ಸರಿ. ಊರು, ಎಕರೆ ಲೆಕ್ಕ, ಸಂಬಂಧ ಎಲ್ಲ ಬದಲಿಸಿಯೇ ಬರೆದಿದ್ದೇನೆ. ಆದರೂ ಇನ್ನು ಮುಂದೆ ಜಾಸ್ತಿ ಬರೆಯುವುದಿಲ್ಲ.

ಗೋಣಿಕೊಪ್ಪ ಅಂಗಡಿ

ನಾನು ವಕೀಲನಲ್ಲ, ವ್ಯಾಪಾರಿ. ಒಂದು ಪ್ರಶ್ನೆ. ಗೆದ್ದರೆ ಪಾಲು ಅನ್ನುವುದರಲ್ಲಿ ಏನು ತಪ್ಪು? ಕೈಯಲ್ಲಿ ದುಡ್ಡಿಲ್ಲದವನು ಏನು ಮಾಡಬೇಕು? ಅಮೆರಿಕದಲ್ಲಿ ಹಾಗೆ ನಡೆಯುತ್ತದೆ ಅಂತ ಕೇಳಿದ್ದೇನೆ. ಸೋತರೆ ವಕೀಲರಿಗೂ ನಷ್ಟ, ಹಾಗಾಗಿ ಮನಸ್ಸಿಟ್ಟು ಕೆಲಸ ಮಾಡುತ್ತಾರೆ ಅಲ್ವಾ? ಈಗ ವಾಯಿದೆಗೆ ಇಷ್ಟು ಅಂತ ತೆಗೆದುಕೊಳ್ಳುವವರಿಗೆ ಕೇಸು ಮುಗಿಯದಿದ್ದರೇ ಲಾಭ.

ವಿರಾಜಪೇಟೆ ವಕೀಲ

ಕೊನೆಯ ಮಾತು ನಿಜ, ಒಪ್ಪುತ್ತೇನೆ. ವಾಯಿದೆ ಲೆಕ್ಕದ ಫೀಸು ನಮ್ಮ ಕಸುಬಿಗೆ ಹಿಡಿದ ಗೆದ್ದಲು. ನಾನು ಹಂತದ ಲೆಕ್ಕದಲ್ಲಿ ತೆಗೆದುಕೊಳ್ಳುತ್ತೇನೆ. ತಕರಾರಿಗೆ ಇಷ್ಟು, ಸಾಕ್ಷ್ಯಕ್ಕೆ ಇಷ್ಟು, ವಾದಕ್ಕೆ ಇಷ್ಟು. ಎಷ್ಟು ಸಲ ಮುಂದೆ ಹೋದರೂ ಅದು ಜಾಸ್ತಿ ಆಗುವುದಿಲ್ಲ.

ಆದರೆ ಪಾಲಿನ ವಿಷಯ ಬೇರೆ. ಈ ಹುಡುಗಿಯ ಕೇಸನ್ನೇ ನೋಡಿ. ಅರ್ಧ ಎಕರೆಗೆ ಒಪ್ಪಿದ್ದರೆ, ನಾಳೆ 'ರಾಜಿ ಮಾಡಿಕೊಳ್ಳಿ' ಅಂತ ಹೇಳಲು ಅವರಿಗೆ ಬಾಯಿ ಬರುತ್ತದಾ? ರಾಜಿಯಾದರೆ ಗೆಲುವಿಲ್ಲ, ಗೆಲುವಿಲ್ಲದಿದ್ದರೆ ಅರ್ಧ ಎಕರೆ ಇಲ್ಲ. ಆ ನೀಲಿ ಪತ್ರ ಆಗ ಕಕ್ಷಿದಾರರ ತಲೆನೋವು ಮಾತ್ರ ಅಲ್ಲ, ವಕೀಲರ ಆಸ್ತಿಗೂ ಬಂದ ಕಂಟಕ.

ಗಂಡ ರಸ್ತೆ ಅಪಘಾತದಲ್ಲಿ ತೀರಿಕೊಂಡ ಒಬ್ಬ ಹೆಣ್ಣುಮಗಳು ಪರಿಹಾರದ ದುಡ್ಡಿಗಾಗಿ ಕೇಸು ನಡೆಸಿದ್ದರು. ವಕೀಲರು ಪರಿಹಾರದ ಶೇಕಡಾ ಲೆಕ್ಕದಲ್ಲಿ ಆಕೆಯಿಂದ ಚೆಕ್ ಬರೆಸಿಕೊಂಡರು. ಚೆಕ್ ವಾಪಸ್ ಬಂದಾಗ ಆಕೆಯ ಮೇಲೆಯೇ ಚೆಕ್ ಬೌನ್ಸ್ ಕೇಸು ಹಾಕಿದರು. ತೆಲಂಗಾಣದ ಪ್ರಕರಣ, ಬಿ. ಸುನೀತಾ ಅಂತ. 2017ರಲ್ಲಿ ಸುಪ್ರೀಂ ಕೋರ್ಟು ಆ ಕೇಸನ್ನೇ ರದ್ದು ಮಾಡಿತು. ಇಂಥ ಒಪ್ಪಂದಕ್ಕೆ ಕಾನೂನಿನ ಬಲ ಇಲ್ಲ ಅಂದಿತು.

ತಿತಿಮತಿ ಪಿಎಲ್‌ವಿ

ದುಡ್ಡಿಲ್ಲದವರು ಏನು ಮಾಡಬೇಕು ಅಂತ ಕೇಳಿದಿರಿ ಅಣ್ಣ. ನಾನು ಕಾನೂನು ಸೇವಾ ಪ್ರಾಧಿಕಾರದ ಅರೆಕಾಲಿಕ ಸ್ವಯಂಸೇವಕಿ, ಪಿಎಲ್‌ವಿ ಅನ್ನುತ್ತಾರೆ. ವಕೀಲೆ ಅಲ್ಲ. ಆದಿವಾಸಿಗಳ ಹಾಡಿಗಳಿಗೆ, ತೋಟದ ಕೆಲಸದವರ ಲೈನ್ ಮನೆಗಳಿಗೆ ಹೋಗಿ ಅರ್ಜಿ ಬರೆದುಕೊಡುವುದು ನಮ್ಮ ಕೆಲಸ.

ಒಬ್ಬ ಯರವ ಹೆಣ್ಣುಮಗಳ ಗಂಡ ಬೆಳಗ್ಗೆ ತೋಟಕ್ಕೆ ಹೋಗುವಾಗ ಆನೆ ತುಳಿದು ತೀರಿಕೊಂಡ. ಪರಿಹಾರ ಕೊಡಿಸುತ್ತೇನೆ ಅಂತ ಒಬ್ಬ ದಲ್ಲಾಳಿ ಬಂದ. ಬಂದದ್ದರಲ್ಲಿ ಕಾಲು ಭಾಗ ತನಗೆ ಅಂತ ಬಿಳಿ ಹಾಳೆ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ನಾನು ಹೋದಾಗ ಆಕೆಯ ಹೆಬ್ಬೆರಳಿನಲ್ಲಿ ನೀಲಿ ಶಾಯಿ ಇನ್ನೂ ಇತ್ತು. ಮಗುವಿಗೆ ಅನ್ನ ಕಲಸುತ್ತಿದ್ದಳು, ಎಡಗೈಯಲ್ಲಿ. ಆ ಶಾಯಿ ಅನ್ನಕ್ಕೆ ತಾಗಬಾರದು ಅಂತ.

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಓದಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಜೈಲಿನಲ್ಲಿ ಇರುವವರು, ಪ್ರವಾಹ ಭೂಕಂಪದಂಥ ವಿಪತ್ತಿಗೆ ಸಿಕ್ಕವರು, ಇವರಿಗೆಲ್ಲ ಉಚಿತ ವಕೀಲರು ಸಿಗುತ್ತಾರೆ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯನ್ನೂ ನೋಡುವುದಿಲ್ಲ. 2018ರ ಭೂಕುಸಿತದಲ್ಲಿ ಮನೆ ಕಳೆದುಕೊಂಡ ಎಷ್ಟೋ ಜನರಿಗೆ ಇದು ಗೊತ್ತೇ ಇರಲಿಲ್ಲ. 15100ಕ್ಕೆ ಫೋನ್ ಮಾಡಬಹುದು. ಮಡಿಕೇರಿಯ ಜಿಲ್ಲಾ ಪ್ರಾಧಿಕಾರಕ್ಕೆ ಒಂದು ಹಾಳೆಯ ಅರ್ಜಿ ಸಾಕು.

ಶನಿವಾರಸಂತೆ ಬೆಳೆಗಾರ

ಇಲ್ಲಿ ಎಲ್ಲರೂ ವಕೀಲರ ಮನಸ್ಸಾಕ್ಷಿ ಬಗ್ಗೆ ಮಾತಾಡುತ್ತಿದ್ದೀರಿ. ನನ್ನ ಅನುಭವ ಹೇಳುತ್ತೇನೆ. ಗಡಿ ತಕರಾರಿಗೆ ಆರು ವರ್ಷ ಅಲೆದೆ. ವಕೀಲರು ಬರುವುದೇ ಅಪರೂಪ. ಬೇರೆಯವರ ಹತ್ತಿರ ಹೋಗುತ್ತೇನೆ, ಫೈಲು ಕೊಡಿ ಅಂದರೆ, ಬಾಕಿ ನಲವತ್ತು ಸಾವಿರ ಇಟ್ಟು ತೆಗೆದುಕೊಂಡು ಹೋಗು ಅಂದರು. ಮೂಲ ಕ್ರಯಪತ್ರ ಅವರ ಬೀರುವಿನಲ್ಲಿತ್ತು. ಆ ವರ್ಷದ ಮೆಣಸು ಮಾರಿ ದುಡ್ಡು ಕಟ್ಟಿ ಬಿಡಿಸಿಕೊಂಡೆ. ಗ್ರಾಹಕರ ಕೋರ್ಟಿಗೆ ಹೋಗಬಹುದಿತ್ತಾ?

ವಿರಾಜಪೇಟೆ ವಕೀಲ

ನಿಮ್ಮ ವಿಷಯದಲ್ಲಿ ನಮ್ಮ ಕಸುಬಿನವರ ಪರವಾಗಿ ನಾಚಿಕೆಯಾಗುತ್ತದೆ. ಫೀಸು ಬಾಕಿ ಇದೆ ಅಂತ ಕಕ್ಷಿದಾರರ ಫೈಲು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗೆ ಇಲ್ಲ. ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ 2000ದಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಅದು ದುರ್ನಡತೆ. ಬಾಕಿ ಬೇಕಿದ್ದರೆ ವಕೀಲರು ಬೇರೆ ದಾವೆ ಹಾಕಿ ಕೇಳಬೇಕು.

ಗ್ರಾಹಕರ ಕೋರ್ಟು ಆಗುವುದಿಲ್ಲ. ವಕೀಲರ ಸೇವೆ ಗ್ರಾಹಕ ಕಾಯ್ದೆಗೆ ಬರುವುದಿಲ್ಲ ಅಂತ 2024ರ ಮೇ ತಿಂಗಳಲ್ಲಿ ತೀರ್ಪು ಬಂದಿದೆ. ಇರುವ ದಾರಿ ರಾಜ್ಯ ವಕೀಲರ ಪರಿಷತ್ತಿಗೆ ದೂರು, 1961ರ ವಕೀಲರ ಕಾಯ್ದೆಯ 35ನೇ ಸೆಕ್ಷನ್ ಕೆಳಗೆ. ಎಚ್ಚರಿಕೆಯಿಂದ ಹಿಡಿದು ವಕೀಲಿಕೆಯ ಸನ್ನದು ರದ್ದಿನವರೆಗೆ ಶಿಕ್ಷೆ ಕೊಡಬಹುದು. ನಿಧಾನ ಅಂತ ನನಗೂ ಗೊತ್ತು. ಆದರೂ ಕೊಡಿ.

ಎಲ್‌ಎಲ್‌ಬಿ ಕೊನೇ ವರ್ಷ, ಕುಶಾಲನಗರ

ಸರ್, ಒಂದು ಸಂಶಯ. ನಮಗೆ ಕ್ಲಾಸಿನಲ್ಲಿ ಹೇಳಿಕೊಡುವುದು ಹೀಗೆ: ಎದುರಾಳಿಗೆ ಅನುಕೂಲವಾಗುವ ಕಾಗದವನ್ನು ನಾವಾಗಿ ಹಾಜರು ಮಾಡಬೇಕಾಗಿಲ್ಲ, ನಾವು ಆಧಾರ ಮಾಡಿಕೊಳ್ಳುವ ಕಾಗದ ಮಾತ್ರ ಹಾಕಿದರೆ ಸಾಕು. ಹಾಗಿದ್ದರೆ ಮೇಡಂ ಆ ಪತ್ರದ ಸುದ್ದಿಯನ್ನೇ ಎತ್ತದೆ, 'ತಂಗಿ ತನ್ನ ಪಾಲನ್ನು ರುಜುವಾತು ಮಾಡಲಿ' ಅಂತ ಮಾತ್ರ ಬರೆದರೆ ನಿಯಮ ಮುರಿದ ಹಾಗಾಗುವುದಿಲ್ಲ ಅಲ್ವಾ?

ವಿರಾಜಪೇಟೆ ವಕೀಲ

ಒಳ್ಳೇ ಪ್ರಶ್ನೆ. ಅಕ್ಷರಕ್ಕೆ ಅಕ್ಷರ ನೋಡಿದರೆ ನೀನು ಹೇಳಿದ್ದಕ್ಕೆ ಜಾಗ ಇದೆ. ಸುಳ್ಳು ಬರೆಯುವುದಕ್ಕೂ ಸುಮ್ಮನಿರುವುದಕ್ಕೂ ವ್ಯತ್ಯಾಸ ಇದೆ.

ಆದರೆ ಸುಮ್ಮನಿರುವುದಕ್ಕೂ ಒಂದು ಮಿತಿ ಇದೆ. ಎಸ್.ಪಿ. ಚೆಂಗಲ್ವರಾಯ ನಾಯ್ಡು ಪ್ರಕರಣ ಹುಡುಕಿ ಓದು, 1993ರ ತೀರ್ಪು. ಅದೂ ಪಾಲಿನ ದಾವೆಯೇ. ದಾವೆ ಹಾಕಿದವನು ತಾನೇ ಬರೆದುಕೊಟ್ಟಿದ್ದ ಹಕ್ಕು ಬಿಡುಗಡೆ ಪತ್ರವನ್ನು ಹೇಳದೆ ಮುಚ್ಚಿಟ್ಟು ಡಿಕ್ರಿ ತೆಗೆದುಕೊಂಡಿದ್ದ. ಹೈಕೋರ್ಟು, ಎಲ್ಲವನ್ನೂ ಅವನೇ ಹೇಳಬೇಕು ಅಂತ ಏನಿದೆ ಅಂದಿತ್ತು. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಮುಖ್ಯ ಕಾಗದ ಬಚ್ಚಿಟ್ಟು ಲಾಭ ಪಡೆಯುವುದು ಕೋರ್ಟಿಗೆ ಮಾಡಿದ ಮೋಸ, ಆ ಡಿಕ್ರಿಗೆ ಬೆಲೆಯೇ ಇಲ್ಲ ಅಂದಿತು. ಅಲ್ಲಿ ಬಚ್ಚಿಟ್ಟವನು ವಾದಿ, ಇಲ್ಲಿ ಪ್ರತಿವಾದಿ. ಆ ಕಾಗದದ ತೂಕವೂ ಬೇರೆ. ಪೂರ್ತಿ ಹೊಂದುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಆ ಮಿತಿ ಎಷ್ಟು ಹತ್ತಿರ ಇದೆ ಅಂತ ತಿಳಿದಿರಬೇಕು.

ಇನ್ನೊಂದು ಮಾತು. ಬಾರ್ ಕೌನ್ಸಿಲ್ ನಿಯಮಗಳ 4ನೆಯದು, ಕಕ್ಷಿದಾರರು ಅಡ್ಡದಾರಿ ಹಿಡಿಯದಂತೆ ವಕೀಲರೇ ತಡೆಯಬೇಕು, ಕೇಳದಿದ್ದರೆ ಅವರ ಕೇಸು ಬಿಡಬೇಕು ಅನ್ನುತ್ತದೆ. ತಡೆಯುವುದು ಅಂದರೆ ಏನು? ಆಫೀಸಿನ ಬಾಗಿಲು ಹಾಕಿ, ಎದುರು ಕೂತು, ಅವರಿಗೆ ಬೇಡದ ಮಾತನ್ನು ಬಾಯಿಬಿಟ್ಟು ಹೇಳುವುದು. ಕೋರ್ಟಿನಲ್ಲಿ ವಾದ ಮಾಡುವುದು ಎರಡನೇ ಕೆಲಸ. ಮೊದಲನೇ ಕೆಲಸ ಇದು. ಮುಂಗಡ ಖರ್ಚಾಗುವ ಮುಂಚೆ ಹೇಳಿಬಿಡಬೇಕು. ಖರ್ಚಾದ ಮೇಲೆ ನಾಲಿಗೆ ಏಳುವುದಿಲ್ಲ. ನನಗೇ ಎರಡು ಸಲ ಹಾಗೆ ಆಗಿದೆ. ಅದರಲ್ಲಿ ಒಂದು ಕೇಸಿನ ಮನೆಯವರು ಇವತ್ತಿಗೂ ಎದುರು ಸಿಕ್ಕಿದರೆ ನಾನು ರಸ್ತೆಯ ಆ ಕಡೆ ಹೋಗುತ್ತೇನೆ.

ಹಳೇ ಶಿರಸ್ತೇದಾರ

ಇವತ್ತು ಬರೆಯುತ್ತೇನೆ. ನಾನು ಕೋರ್ಟಿನಲ್ಲಿ 31 ವರ್ಷ ಇದ್ದೆ. ಆಗ ಕೋರ್ಟು ಮಡಿಕೇರಿ ಕೋಟೆಯಲ್ಲಿತ್ತು. ಜೂನ್ ಬಂತು ಅಂದರೆ ಫೈಲಿನ ದಾರವೂ ಬೂಸಲು ಹಿಡಿಯುತ್ತಿತ್ತು. ಕೆಂಡದ ಬಾಣಲೆ ಹತ್ತಿರ ಇಟ್ಟು ಕಾಗದ ಒಣಗಿಸಿದ್ದೇವೆ.

ನ್ಯಾಯಾಧೀಶರ ಕೆಳಗೆ ಕೂರುವವರಿಗೆ ಒಂದು ವಿಷಯ ಕಾಣುತ್ತದೆ, ಎದುರಿಗೆ ನಿಂತ ವಕೀಲರಿಗೆ ಕಾಣುವುದಿಲ್ಲ. ವಕೀಲರು 'ಪುಟ 42, ಮೂರನೇ ಪ್ಯಾರಾ' ಅಂದಾಗ ಸಾಹೇಬರ ಕೈ ಏನು ಮಾಡುತ್ತದೆ ಅಂತ. ಕೆಲವು ವಕೀಲರು ಹೇಳಿದರೆ ಸಾಹೇಬರು ಕೂಡಲೇ ಪುಟ ತಿರುವಿ ನೋಡುತ್ತಿದ್ದರು. ಒಬ್ಬರು ಹೇಳಿದರೆ ಮಾತ್ರ ಹಾಗೇ ಬರೆದುಕೊಳ್ಳುತ್ತಿದ್ದರು. ಸಾಹೇಬರು ವರ್ಗವಾಗಿ ಹೋಗುತ್ತಿದ್ದರು, ಹೊಸಬರು ಬರುತ್ತಿದ್ದರು. ಆರು ತಿಂಗಳಾಗುವಷ್ಟರಲ್ಲಿ ಹೊಸಬರೂ ಅವರೊಬ್ಬರು ಹೇಳಿದ ಪುಟ ತಿರುವುವುದನ್ನು ಬಿಟ್ಟುಬಿಡುತ್ತಿದ್ದರು. ಆ ವಕೀಲರು ಕಾರು ಕೊಳ್ಳಲಿಲ್ಲ. ಬಸ್ಸಿನಲ್ಲೇ ಬರುತ್ತಿದ್ದರು. ಆದರೆ ಅವರ ಕಕ್ಷಿದಾರರಿಗೆ ಅವರ ಬಾಯಿಂದ ಸಿಕ್ಕಿದ್ದು ಯಾವ ಫೀಸಿಗೂ ಸಿಗುತ್ತಿರಲಿಲ್ಲ.

ಅಮ್ಮಾ, ಕೇಸು ಬಿಡುವ ಪ್ರಸಂಗ ಬಂದರೆ ಒಂದು ಕೆಲಸ ಮರೆಯಬೇಡಿ. ಟ್ರಂಕು ವಾಪಸ್ ಕೊಡುವಾಗ ಕಾಗದಗಳ ಪಟ್ಟಿ ಮಾಡಿ. ಒಂದೊಂದಕ್ಕೂ ನಂಬರು ಹಾಕಿ. ತೆಗೆದುಕೊಂಡವರ ಸಹಿ ಇರಲಿ.

ಪೊನ್ನಂಪೇಟೆ ಅಕ್ಕ

ಎರಡು ದಿನದಿಂದ ಓದುತ್ತಿದ್ದೇನೆ, ಬರೆಯಲೋ ಬೇಡವೋ ಅಂತ ಇದ್ದೆ. ನಾನೂ ಅಂಥ ತಂಗಿಯೇ. ನನ್ನ ಕೇಸು ನಾಲ್ಕು ವರ್ಷದಿಂದ ನಡೆಯುತ್ತಿದೆ. ಬೆಂಗಳೂರಿನಲ್ಲಿ ನರ್ಸ್ ಆಗಿದ್ದಾಗ ಹನ್ನೊಂದು ವರ್ಷ ಸಂಬಳದಲ್ಲಿ ಅರ್ಧ ಮನೆಗೆ ಕಳಿಸಿದೆ. ಮನಿಯಾರ್ಡರ್ ಚೀಟಿಗಳನ್ನು ಯಾರು ಜೋಪಾನ ಮಾಡುತ್ತಾರೆ? ಅಣ್ಣ ಕಟಕಟೆಯಲ್ಲಿ ನಿಂತು, ಇವಳು ಒಂದು ರೂಪಾಯಿ ಕೊಟ್ಟಿಲ್ಲ ಅಂದ. ಅವನ ವಕೀಲರು ಅದನ್ನೇ ನನ್ನ ಬಾಯಿಂದ ಹೇಳಿಸಲು ಒಂದೂವರೆ ಗಂಟೆ ಪ್ರಶ್ನೆ ಕೇಳಿದರು.

ದಾವೆ ಹಾಕಿದ ಮೇಲೆ ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಕರೆದಿಲ್ಲ. ಕದಿರು ತೆಗೆಯುವ ಹೊತ್ತಿಗೆ ಗದ್ದೆ ಕಡೆಯಿಂದ ಕೋವಿ ಶಬ್ದ, ಪಟಾಕಿ ಶಬ್ದ ಕೇಳುತ್ತದೆ. ನಾನು ನನ್ನ ಮನೆ ಜಗುಲಿಯಲ್ಲಿ ಕೂತಿರುತ್ತೇನೆ. ತೋಟ ಬೇಕು ಅಂತ ಅಲ್ಲ. ಕೊಟ್ಟಿದ್ದಾಳೆ ಅಂತ ಒಂದು ಮಾತು ಬೇಕು.

ಈ ವಕೀಲೆ ತಂಗಿ ಯೋಚನೆ ಮಾಡುತ್ತಿದ್ದಾಳಲ್ಲ, ಅದೇ ನನಗೆ ದೊಡ್ಡದು. ಒಂದು ಕೇಳುತ್ತೇನೆ. ಆ ಪತ್ರದ ವಿಷಯ ಆ ಇನ್ನೊಬ್ಬ ತಂಗಿಯ ವಕೀಲರಿಗೆ ಒಂದು ಫೋನ್ ಮಾಡಿ ಹೇಳಬಾರದಾ?

ವಿರಾಜಪೇಟೆ ವಕೀಲ

ಅಕ್ಕಾ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಹೇಳುವ ಹಾಗಿಲ್ಲ. ಕಕ್ಷಿದಾರರು ನಂಬಿ ಹೇಳಿದ್ದು, ತೋರಿಸಿದ್ದು ವಕೀಲರ ಹೊಟ್ಟೆಯಲ್ಲೇ ಇರಬೇಕು. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್ ಅದನ್ನು ಹೇಳುತ್ತದೆ. ಕೇಸು ಬಿಟ್ಟ ಮೇಲೂ ಆ ಕಟ್ಟು ಬಿಡುವುದಿಲ್ಲ.

ಪೊನ್ನಂಪೇಟೆ ಅಕ್ಕ

ಹಾಗಾದರೆ ಅಪ್ಪ ಏನು ಬರೆದಿದ್ದರು ಅಂತ ಆ ಹೆಣ್ಣುಮಗಳಿಗೆ ಸಾಯುವವರೆಗೂ ಗೊತ್ತಾಗುವುದಿಲ್ಲ. ಒಬ್ಬ ವಕೀಲರಿಗೆ ಗೊತ್ತು, ಈಗ ಇಲ್ಲಿ ನಮಗೆಲ್ಲ ಗೊತ್ತು, ಅವಳೊಬ್ಬಳಿಗೆ ಗೊತ್ತಿಲ್ಲ. ಇದು ನಿಯಮ ಇರಬಹುದು. ನ್ಯಾಯ ಅಂತ ನನ್ನ ಬಾಯಿಂದ ಬರುವುದಿಲ್ಲ.

ನಮ್ಮ ವಿರಾಜಪೇಟೆಯಲ್ಲೇ ಹುಟ್ಟಿದ ಸಿ.ಬಿ. ಮುತ್ತಮ್ಮನವರು 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಹೆಂಗಸು. ಅಲ್ಲಿನ ನಿಯಮದಲ್ಲಿ ಏನಿತ್ತು? ಹೆಣ್ಣು ಅಧಿಕಾರಿ ಮದುವೆ ಆಗಬೇಕಾದರೆ ಸರ್ಕಾರದ ಒಪ್ಪಿಗೆ ಬೇಕು, ಮದುವೆಯಾದ ಮೇಲೆ ಸಂಸಾರದಿಂದ ಕೆಲಸಕ್ಕೆ ಅಡ್ಡಿ ಅನ್ನಿಸಿದರೆ ಕೆಲಸ ಬಿಡಿಸಬಹುದು. ಬಡ್ತಿ ತಪ್ಪಿಸಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಆ ನಿಯಮಗಳನ್ನು ಮತ್ತೆ ನೋಡಿ ಅಂತ ಸರ್ಕಾರಕ್ಕೆ ಹೇಳಿತು. ನಿಯಮ ಅಂತ ಎಲ್ಲದಕ್ಕೂ ತಲೆಬಾಗಿದ್ದರೆ ಅದು ಆಗುತ್ತಿತ್ತಾ?

ವಿರಾಜಪೇಟೆ ವಕೀಲ

ಮುತ್ತಮ್ಮನವರು ನಿಯಮವನ್ನು ಕದ್ದು ಮುರಿಯಲಿಲ್ಲ ಅಕ್ಕಾ. ಕೋರ್ಟಿನ ಎದುರು ಇಟ್ಟು ಪ್ರಶ್ನೆ ಮಾಡಿದರು. ಅಷ್ಟರಲ್ಲಿ ಬಡ್ತಿ ಸಿಕ್ಕಿತ್ತು, ಹಾಗಾಗಿ ಅರ್ಜಿ ವಜಾ ಆಯಿತು, ಆದರೂ ಪ್ರಶ್ನೆ ಉಳಿಯಿತು.

ಈ ಗುಟ್ಟಿನ ನಿಯಮವನ್ನು ನಾನು ಯಾಕೆ ಹಿಡಿದುಕೊಂಡಿದ್ದೇನೆ ಅಂದರೆ, ಅದಿಲ್ಲದಿದ್ದರೆ ಆ ಮನುಷ್ಯ ಟ್ರಂಕನ್ನು ವಕೀಲರ ಹತ್ತಿರ ತರುತ್ತಲೇ ಇರಲಿಲ್ಲ. ಮನೆಯಲ್ಲೇ ಸುಟ್ಟುಬಿಡುತ್ತಿದ್ದ. 'ಸುಡಬೇಡಿ' ಅಂತ ಹೇಳಲು ಒಬ್ಬರೂ ಇರುತ್ತಿರಲಿಲ್ಲ.

ಮತ್ತೆ, ದಾರಿ ಇಲ್ಲ ಅಂತಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಆದೇಶ ಅಂತ ಒಂದಿದೆ, ನಮ್ಮ ಕಡೆ ಬಳಸುವವರು ಕಡಿಮೆ. ಕೋರ್ಟಿನ ಅನುಮತಿ ಪಡೆದು ಎದುರಾಳಿಗೆ ಬರಹದಲ್ಲಿ ಪ್ರಶ್ನೆ ಕಳಿಸಬಹುದು. ಅವನು ಅಫಿಡವಿಟ್ ಮೇಲೆ ಉತ್ತರ ಕೊಡಬೇಕು. 'ನಿಮ್ಮ ತಂದೆಯ ಕೈಬರಹದ ಪತ್ರ, ಲೆಕ್ಕದ ಪುಸ್ತಕ ನಿಮ್ಮ ಹತ್ತಿರ ಇವೆಯಾ? ಇದ್ದರೆ ಪಟ್ಟಿ ಕೊಡಿ' ಅಂತ ಕೇಳಬಹುದು. ಆಗ ಇಲ್ಲ ಅಂದರೆ ಅದು ಪ್ರಮಾಣದ ಮೇಲಿನ ಸುಳ್ಳು.

ಪೊನ್ನಂಪೇಟೆ ಅಕ್ಕ

ಇದನ್ನು ನನಗೆ ನಾಲ್ಕು ವರ್ಷದಲ್ಲಿ ಯಾರೂ ಹೇಳಿಲ್ಲ. ಆ ಆದೇಶದ ನಂಬರು 11 ಅಲ್ವಾ? ಬರೆದುಕೊಂಡೆ. ನಾಳೆ ಬೆಳಗ್ಗೆ ನನ್ನ ವಕೀಲರ ಹತ್ತಿರ ಹೋಗುತ್ತೇನೆ.

ಕರಿಕೋಟು, ಮಡಿಕೇರಿ

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಅವರನ್ನು ಕರೆಸಿ ಮಾತಾಡಿದೆ. ಜಾಸ್ತಿ ಬರೆಯಲ್ಲ, ಸರ್ ಹೇಳಿದ್ದು ನೆನಪಿದೆ. ಅರ್ಧ ಎಕರೆ ಬೇಡ ಅಂದೆ. ಕಾನೂನಿನಲ್ಲಿ ಅರ್ಧ ಪಾಲು ಹೋಗುತ್ತದೆ ಅಂತ ಕಾಗದದ ಮೇಲೆ ಬರೆದು ತೋರಿಸಿದೆ. ಮಧ್ಯಸ್ಥಿಕೆ ಕೇಂದ್ರಕ್ಕೆ ಹೋಗೋಣ, ಇಲ್ಲವೇ ಲೋಕ ಅದಾಲತ್ತಿನಲ್ಲಿ ಮುಗಿಸೋಣ ಅಂದೆ. ಅಲ್ಲಿ ರಾಜಿಯಾದರೆ ಅದರ ಮೇಲೆ ಅಪೀಲಿಲ್ಲ, ತಂಗಿ ಕಟ್ಟಿದ ಕೋರ್ಟ್ ಫೀಸೂ ಅವರಿಗೆ ವಾಪಸ್ ಬರುತ್ತದೆ, ಹೊಳೆ ಬದಿಯದ್ದು ಅವರಿಗೆ, ಮನೆ ಹತ್ತಿರದ್ದು ನಿಮಗೆ ಅಂತ ಕೂತು ಮಾತಾಡಬಹುದು ಅಂದೆ. ಆಮೇಲೆ ಆ ಪತ್ರವನ್ನು ಅವರ ಎದುರೇ ಪೂರ್ತಿ ಓದಿದೆ. 'ಅಣ್ಣನಿಗೂ ಹೇಳಿದ್ದೇನೆ' ಅನ್ನುವ ಸಾಲನ್ನೂ.

ಅವರು ತುಂಬ ಹೊತ್ತು ಕಿಟಕಿ ಕಡೆ ನೋಡಿದರು. ಆಮೇಲೆ, 'ನೀವು ಯಾರ ಕಡೆ ವಕೀಲರು?' ಅಂತ ಕೇಳಿದರು.

'ನಿಮ್ಮ ಕಡೆಯವಳೇ. ಅದಕ್ಕೇ ಹೇಳುತ್ತಿದ್ದೇನೆ' ಅಂದೆ.

ಫೈಲು ವಾಪಸ್ ಕೊಡಿ ಅಂದರು.

ಗೋಣಿಕೊಪ್ಪ ಅಂಗಡಿ

ತಪ್ಪು ತಿಳಿಯಬೇಡಿ ಮೇಡಂ. ಆದರೆ ಕೊನೆಗೆ ಆಗಿದ್ದೇನು? ನಿಮಗೆ ಕಕ್ಷಿದಾರ ಹೋದ. ಅವನು ಇನ್ನೊಬ್ಬ ವಕೀಲರ ಹತ್ತಿರ ಪತ್ರ ತೋರಿಸದೆಯೇ ಅದೇ ಸುಳ್ಳು ಬರೆಸುತ್ತಾನೆ. ತಂಗಿಗೂ ಏನೂ ಸಿಗಲಿಲ್ಲ.

ಹಳೇ ಶಿರಸ್ತೇದಾರ

ಇರಬಹುದು ಸ್ವಾಮಿ. ಅಮ್ಮಾ, ಪಟ್ಟಿ ಮಾಡಿದಿರಾ?

ಕರಿಕೋಟು, ಮಡಿಕೇರಿ

ಮಾಡಿದೆ ಸರ್. ಒಟ್ಟು ಮೂವತ್ತೊಂದು ಕಾಗದ. ಮುಂಗಡದಲ್ಲಿ ನಾನು ಮಾಡಿದ ಕೆಲಸದ ಆರು ಸಾವಿರ ಕಳೆದು ಹದಿನಾಲ್ಕು ಸಾವಿರ ವಾಪಸ್ ಕೊಟ್ಟೆ, ರಸೀದಿ ಬರೆಸಿಕೊಂಡೆ. ಎಣಿಸಿ ಜೇಬಿಗೆ ಹಾಕಿಕೊಂಡರು. ಪಟ್ಟಿ ಓದುತ್ತಾ ಬಂದರು. ಕಂದಾಯ ರಸೀದಿ, ಪಾಸ್ ಪುಸ್ತಕ, ಎಲ್ಲದಕ್ಕೂ ತಲೆಯಾಡಿಸಿದರು. 31ನೇ ನಂಬರಿಗೆ ಬಂದು ಪೆನ್ನು ನಿಂತಿತು. 'ನೀಲಿ ಇನ್‌ಲ್ಯಾಂಡ್ ಪತ್ರ, ಒಂದು' ಅಂತ ಬರೆದಿದ್ದೆ.

'ಇದನ್ನೂ ಬರೆಯಬೇಕಿತ್ತಾ?'

'ನೀವು ತಂದದ್ದರಲ್ಲಿ ಇದೂ ಒಂದಲ್ವಾ ಸರ್' ಅಂದೆ.

ಕನ್ನಡದಲ್ಲಿ, ಅಕ್ಷರ ಅಕ್ಷರ ಬಿಡಿಸಿ ಸಹಿ ಹಾಕಿದರು. ಪತ್ರವನ್ನು ಮಾತ್ರ ಟ್ರಂಕಿಗೆ ಹಾಕಲಿಲ್ಲ. ಎರಡಾಗಿ ಮಡಿಸಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡು ಹೋದರು.

ಹಳೇ ಶಿರಸ್ತೇದಾರ

ದಿನಾಂಕ ಹಾಕಿದ್ದೀರಾ?

ಕರಿಕೋಟು, ಮಡಿಕೇರಿ

ಹಾಕಿದ್ದೇನೆ ಸರ್. ಒಂದು ಪ್ರತಿ ಅವರ ಹತ್ತಿರ, ಒಂದು ನನ್ನ ಹತ್ತಿರ ಇದೆ.